ಬಿದ್ದ ಕಲ್ಲು ಬಿದ್ದಲ್ಲೇ

ಬಸ್ಸು ಸಮುದ್ರದ ಮೇಲಿನ ಉದ್ದನೆಯ ಸೇತುವೆ ಹತ್ತಿದಾಗಲೂ ಪಾವನಾ ಬಾಯೊಳಗೇ ಸ್ವೀಡಿಷ್ ವಾಕ್ಯಗಳನ್ನು ಹೇಳಿಕೊಳ್ಳುತ್ತಿದ್ದಳು. ಸಾವಿರದ ಐನೂರು ವರ್ಷಗಳ ಹಿಂದೆ ಈ ದ್ವೀಪದ ಹುಡುಗರು ರೋಮ್ ಸಾಮ್ರಾಜ್ಯದ ಸೈನ್ಯಕ್ಕೆ ಕೂಲಿಗೆ ಹೋಗಿದ್ದಿರಬಹುದು. 'ಹೋಗಿದ್ದಿರಬಹುದು' ಎನ್ನುವಲ್ಲಿ ಪ್ರತಿ ಸಲವೂ ನಾಲಿಗೆ ತೊಡರುತ್ತಿತ್ತು. ಹೋಗಿದ್ದರು ಎಂದುಬಿಟ್ಟರೆ ಸಲೀಸು, ಆದರೆ ಗುನಿಲ್ಲಾ ಅಂಥದ್ದನ್ನು ಸಹಿಸುವವಳಲ್ಲ. ಆ ದ್ವೀಪದ ಇತಿಹಾಸ ಸಂಘವನ್ನು ಅಂಗೈಯಲ್ಲಿ ಇಟ್ಟುಕೊಂಡವಳು ಅವಳು. ಇವತ್ತು ಅವಳ ಕಣ್ಣೆದುರೇ ಒಂದು ಗುಂಪಿಗೆ ಹಳೆಯ ಕೋಟೆ ತೋರಿಸಬೇಕು. ಗುನಿಲ್ಲಾ ಒಪ್ಪಿದರೆ ಈ ಬೇಸಿಗೆಯಿಂದ ಪಾವನಾ ಅಲ್ಲಿಯ ಗೈಡ್. ಸಂಬಳ ಏನೂ ಇಲ್ಲ. ಆದರೂ ಸ್ವೀಡನ್ನಿಗೆ ಬಂದ ಮೇಲೆ ಯಾರಾದರೂ ಅವಳನ್ನು ಅವಳಿಗೋಸ್ಕರವೇ ಕೇಳಿದ ಮೊದಲ ಕೆಲಸ ಇದು. ಉಳಿದ ಎಲ್ಲ ಕಡೆ ಅವಳು ಅಭಯ್‌ನ ಹೆಂಡತಿ, ವಾಸದ ಪರ್ಮಿಟ್ಟಿನಲ್ಲೂ ಅದೇ ಅವಳ ಗುರುತು. ಇದೂ ಕೈತಪ್ಪಿದರೆ ಮತ್ತೆ ಕಾರ್ಲ್‌ಸ್ಕ್ರೂನಾದ ಆ ಅಡುಗೆಮನೆ, ಆ ಕಿಟಕಿ, ಕಿಟಕಿಯಾಚೆ ಬೇರೆಯವರ ಸೈಕಲ್ಲುಗಳು. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಪಕ್ಕದಲ್ಲಿ ಕೂತಿದ್ದ ಅತ್ತೆ ವೇದವತಿಗೆ ಯಾವ ಹೆದರಿಕೆಯೂ ಇರಲಿಲ್ಲ. ಇಳಕಲ್ ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ ತೊಟ್ಟು, ತಲೆಗೆ ಉಣ್ಣೆಯ ಟೋಪಿ ಎಳೆದುಕೊಂಡು, ಕಾಲಿಗೆ ಬಿಳಿ ಬೂಟು ಹಾಕಿಕೊಂಡು ಅವರು ಕಿಟಕಿಗೆ ಅಂಟಿಕೊಂಡಿದ್ದರು. ಅಕ್ಕಿಆಲೂರಿನಲ್ಲಿ ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸಿ ಮಗನನ್ನು ಓದಿಸಿದ ಹೆಂಗಸು. ಮೂರು ತಿಂಗಳ ವೀಸಾದ ಮೇಲೆ ಬಂದು ಇನ್ನೂ ಒಂದು ತಿಂಗಳೂ ಆಗಿಲ್ಲ, ಆಗಲೇ ಕೆಳಮನೆಯ ಮುದುಕಿಯ ಪರದೆಗೆ ಅಂಚು ಹೊಲಿದುಕೊಟ್ಟಿದ್ದರು.

"ಇದಷ್ಟೂ ಸಮುದ್ರನ? ಉಪ್ಪನೀರ?"

"ಸ್ವಲ್ಪ ಉಪ್ಪು ಅತ್ತೆ. ನಮ್ಮ ಕಡೆ ಸಮುದ್ರದಷ್ಟಿಲ್ಲ."

"ಅರ್ಧಮರ್ಧ ಅನ್ನು," ಎಂದು ಅವರು ನಕ್ಕರು. "ನಮ್ಮ ತಂಗಿಗೆ ಫೋನ್ ಮಾಡಿದಾಗ ಹೇಳೀನಿ, ಸೊಸಿ ನನಗ ರೋಮ್ ರಾಜರ ಕ್ವಾಟಿ ತೋರ್ಸಾಕ ಕರ್ಕೊಂಡ್ ಹೊಂಟಾಳ ಅಂತ. ಆಕಿಗೆ ಹೊಟ್ಟಿಕಿಚ್ಚು."

ರೋಮ್ ರಾಜರದ್ದಲ್ಲ ಅತ್ತೆ, ಎಂದು ತಿದ್ದಲು ಪಾವನಾ ಬಾಯಿ ತೆರೆದಳು. ಹಾಗಾದರೆ ಯಾರದ್ದು? ಅವಳಿಗೇ ಸ್ಪಷ್ಟವಿರಲಿಲ್ಲ. ಎಂಟನೇ ಕ್ಲಾಸಿನಿಂದ ಅವಳ ತಲೆಯೊಳಗಿದ್ದದ್ದು ನಿಜವಾದ ರೋಮ್, ಇಟಲಿಯ ರೋಮ್: ಅರ್ಧ ಮುರಿದ ಕಂಬಗಳು, ಗಾಡಿಯ ಗಾಲಿಗೆ ಸವೆದ ಕಲ್ಲುಹಾಸು, ಬಿಸಿಲಿನಲ್ಲಿ ಮಲಗಿದ ಬೆಕ್ಕುಗಳು. ಬಸವನಗುಡಿಯ ಮನೆಯಲ್ಲಿ ಅಕ್ಕಂದಿರು ಸಿನಿಮಾ ನಟರ ಚಿತ್ರ ಅಂಟಿಸಿದ ಗೋಡೆಯ ಮೇಲೆ ಇವಳು ಒಂದು ಹಾಳು ಕಮಾನಿನ ಚಿತ್ರ ಅಂಟಿಸಿದ್ದಳು. 'ಇವಳಿಗೆ ಹಾಳುಬಿದ್ದದ್ದೇ ಇಷ್ಟ' ಎಂದು ಅಪ್ಪ ಬಂದವರೆದುರು ಹೇಳಿ ನಗುತ್ತಿದ್ದರು. ಈ ವರ್ಷ ಏಪ್ರಿಲ್‌ಗೆ ಕೊನೆಗೂ ರೋಮಿಗೆ ಟಿಕೆಟ್ ಆಗಿತ್ತು. ಅಷ್ಟರಲ್ಲಿ ಅಭಯ್‌ನ ಪರ್ಮಿಟ್ ಮುಗಿಯುವುದಕ್ಕೆ ಬಂತು, ರಿನ್ಯೂವಲ್‌ಗೆ ಹಾಕಿದರು. ತೀರ್ಮಾನ ಬರುವ ತನಕ ದೇಶದ ಹೊರಗೆ ಕಾಲಿಡಬೇಡಿ, ವಾಪಸು ಬರುವುದು ಕಷ್ಟವಾಗುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಇಲ್ಲಿಯ ಕನ್ನಡದವರೆಲ್ಲ ಈ ಕಾಯುವಿಕೆಯನ್ನು ನೆಗಡಿಯಷ್ಟೇ ಸಹಜವಾಗಿ ತೆಗೆದುಕೊಳ್ಳುತ್ತಾರೆ. ಅಭಯ್ ಟಿಕೆಟ್ ಕ್ಯಾನ್ಸಲ್ ಮಾಡುತ್ತಾ ಹೇಳಿದ್ದ: "ರೋಮ್ ಎಲ್ಲಿಗೂ ಓಡಿಹೋಗಲ್ಲ ಕಣೇ. ಎರಡು ಸಾವಿರ ವರ್ಷದಿಂದ ಅಲ್ಲೇ ಬಿದ್ದಿದೆ." ಅದು ತಮಾಷೆ ಅಂತ ಗೊತ್ತಿದ್ದೂ ಅವಳಿಗೆ ಕೈಯಲ್ಲಿದ್ದ ಲೋಟವನ್ನು ಸಿಂಕಿಗೆ ಬಡಿಯಬೇಕು ಅನಿಸಿತ್ತು.

ಆಮೇಲೆ ಲೈಬ್ರರಿಯಲ್ಲಿ ಓದಿದ್ದು, ಮನೆಯಿಂದ ಎರಡು ಮೂರು ಗಂಟೆ ದೂರದ ಓಲಂಡ್ ದ್ವೀಪದ ಹೊಲಗಳಲ್ಲಿ ರೋಮನ್ ಚಿನ್ನದ ನಾಣ್ಯಗಳು ಸಿಕ್ಕಿವೆ ಎಂದು. ದೂರದ ಚಕ್ರವರ್ತಿಗಳ ಮುಖವಿದ್ದ ಚಿನ್ನ ಈ ಗಾಳಿಯ ದ್ವೀಪದಲ್ಲಿ. ಅದೇ ಕಾಲದ ಅಂಥದ್ದೇ ನಾಣ್ಯಗಳು ಅತ್ತೆಯ ಅಕ್ಕಿಆಲೂರಿನಲ್ಲೂ ಹಿಂದೆ ಸಿಕ್ಕಿದ್ದವು ಎನ್ನುವುದು ಎಂ.ಎ. ಓದುವಾಗಲೇ ಅವಳಿಗೆ ಗೊತ್ತಿತ್ತು. ಮದುವೆಯ ಮಾತುಕತೆಯಲ್ಲಿ ಹುಡುಗನ ಊರು ಕೇಳಿದೊಡನೆ ಅವಳ ಮುಖ ಅರಳಿದ್ದಕ್ಕೆ ಕಾರಣ ಅದೇ, ಹುಡುಗನಲ್ಲ. ರೋಮಿಗೆ ಹೋಗಲಾಗದಿದ್ದರೇನು, ರೋಮ್ ಬಂದಲ್ಲಿಗೆ ಹೋಗೋಣ ಎಂದು ಒಂದು ಶನಿವಾರ ಬಸ್ಸು ಹತ್ತಿದ್ದಳು. ಮತ್ತೊಂದು ಶನಿವಾರವೂ. ಮೂರನೆಯ ಸಲ ಗುನಿಲ್ಲಾ ತಾನಾಗಿ ಬಂದು, ನೀನು ಪ್ರತಿ ಸಲ ಕೊನೆಗೆ ಉಳಿದುಕೊಂಡು ಪ್ರಶ್ನೆ ಕೇಳುತ್ತೀಯ, ನಮಗೆ ಗೈಡ್‌ಗಳು ಬೇಕು ಎಂದಳು. ಅವತ್ತು ಬಸ್‌ಸ್ಟಾಪಿನ ತನಕ ಪಾವನಾ ಓಡಿಕೊಂಡೇ ಬಂದಿದ್ದಳು, ಬಸ್ಸಿಗೆ ಬೇಕಾದಷ್ಟು ಹೊತ್ತಿದ್ದರೂ.

ಅತ್ತೆಯನ್ನು ಇವತ್ತು ಕರೆತರುವ ಯೋಚನೆ ಇರಲಿಲ್ಲ. ಅಭಯ್‌ಗೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್‌ನ ರಿಲೀಸ್, ಶನಿವಾರವೂ ಲ್ಯಾಪ್‌ಟಾಪಿನ ಮುಂದೆ. ಬೆಳಿಗ್ಗೆ ನೋಡಿದರೆ ವೇದವತಿ ಚಪಾತಿ, ಬದನೆಕಾಯಿ ಎಣಗಾಯಿ ಕಟ್ಟಿಕೊಂಡು, ಬೂಟಿನ ದಾರ ಬಿಗಿದು ಬಾಗಿಲಲ್ಲಿ ನಿಂತಿದ್ದರು. ಬೇಡ ಎನ್ನುವುದು ಹೇಗೆ? ಬಸ್ಸಿಳಿದು ಕುರಿಗಳ ಬೇಲಿ ದಾಟಿ ಕೋಟೆಯ ಕಡೆ ನಡೆಯುವಾಗ ಮಾತ್ರ ಪಾವನಾ ಹೇಳಿದಳು.

"ಅತ್ತೆ, ಒಂದ್ ಮಾತು. ನಾನು ಅವ್ರಿಗೆಲ್ಲ ತೋರಿಸ್ತಿರ್ತೀನಲ್ಲ, ಆಗ ನೀವು ಸ್ವಲ್ಪ ದೂರ ಇರ್ತೀರಾ? ನೀವು ನೋಡ್ತಿದ್ರೆ ನಂಗೆ ಟೆನ್ಷನ್ ಆಗತ್ತೆ."

"ಅಯ್ಯ, ಅದಕ್ಕೇನಾತು? ನಾ ನಿನ್ನ ಗುರ್ತಾನ ಹಿಡ್ಯಂಗಿಲ್ಲ ನೋಡು. ನೀ ನಿನ್ನ ಕೆಲಸ ಮಾಡು," ಎಂದರು ವೇದವತಿ. ಟಿಫಿನ್ ಕ್ಯಾರಿಯರ್‌ನ ಚೀಲ ಹೆಗಲಿಗೇರಿಸಿ ಗೋಡೆಯ ಆಚೆ ಬದಿಗೆ ಹೊರಟೇಹೋದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, ಕೋಟೆಯ ಕಡೆ ಕೈ ತೋರಿಸಿ ಕೇಳಿದರು: "ಪಾವನಾ, ಇದು ಹಾಳು ಬಿದ್ದದ್ದೋ, ಕಟ್ಟಿ ಮುಗಿಸದ ಬಿಟ್ಟದ್ದೋ?"

ಆ ಪ್ರಶ್ನೆ ಅವಳ ತಲೆಯಲ್ಲಿ ಉಳಿದುಬಿಟ್ಟಿತು. ನೋಡುವುದಕ್ಕೆ ಅಲ್ಲಿ ಇದ್ದದ್ದಾದರೂ ಏನು? ಬಯಲಿನ ನಡುವೆ ದುಂಡಗೆ ಹರಡಿಕೊಂಡ ಕಲ್ಲಿನ ದಿಬ್ಬ. ಒಂದು ಕಾಲದಲ್ಲಿ ಆಳೆತ್ತರ ಮೀರಿದ್ದ ಗೋಡೆ ಈಗ ಮೊಣಕಾಲಿನಷ್ಟು, ಕೆಲವೆಡೆ ಎದೆಯಷ್ಟು. ಒಳಗೆ ಹುಲ್ಲು, ಹುಲ್ಲಿನಡಿ ಮನೆಗಳ ಅಡಿಪಾಯ, ಕುರಿಯ ಹಿಕ್ಕೆ. ಕಂಬವಿಲ್ಲ, ಕಮಾನಿಲ್ಲ. ಕೆಂಪು ಮರದ ಗುಡಿಸಲಿನ ಬಳಿ ಗುಂಪು ಆಗಲೇ ಸೇರಿತ್ತು, ಎಲ್ಲ ನಿವೃತ್ತರಾದವರು, ದುಬಾರಿ ಮಳೆಕೋಟುಗಳು. ಗುನಿಲ್ಲಾ ಕೈ ಕಟ್ಟಿಕೊಂಡು ಹಿಂದೆ ನಿಂತಳು. ಪಾವನಾ ಶುರು ಮಾಡಿದಳು. ಮೊದಲ ವಾಕ್ಯದಲ್ಲಿ ಧ್ವನಿ ನಡುಗಿತು, ಎರಡನೆಯದು ಸರಿಹೋಯಿತು, 'ಹೋಗಿದ್ದಿರಬಹುದು' ಸಹ ಎಡವದೆ ಬಂತು. ಲೆನ್ನಾರ್ಟ್ ಎಂಬ ಎತ್ತರದ ಮುದುಕ ಪ್ರತಿ ವಾಕ್ಯಕ್ಕೂ ತಲೆ ಆಡಿಸುತ್ತಿದ್ದ. ಅವನ ಆ ತಲೆಯಾಟವನ್ನೇ ಹಿಡಿದುಕೊಂಡು ಅವಳು ಮುಂದುವರಿದಳು. ಹಾಗೆ ಹೇಳುತ್ತಾ ಹೇಳುತ್ತಾ ಒಳಗೆ ಬೇರೊಂದು ಧ್ವನಿ ಏಳುತ್ತಿತ್ತು. ಇಲ್ಲಿ ಇಲ್ಲದ ರೋಮನ್ನು ಇವರಿಗೆ ನಾನು ಯಾಕೆ ತೋರಿಸುತ್ತಿದ್ದೇನೆ? ಇವರ ಕಲ್ಲನ್ನು ಇವರಿಗೇ ವಿವರಿಸಲು ನಾನು ಯಾರು? ಕಾರ್ಲ್‌ಸ್ಕ್ರೂನಾಕ್ಕೆ ಬಂದ ಹೊಸತರಲ್ಲಿ ಒಂದು ಮ್ಯೂಸಿಯಮ್ಮಿನಲ್ಲಿ ಹಳೆಯ ಹಡಗಿನ ಮೂತಿಗೆ ಕೂರಿಸುತ್ತಿದ್ದ ಮರದ ಗೊಂಬೆಯ ಮುಂದೆ ತುಂಬ ಹೊತ್ತು ನಿಂತಿದ್ದಳು. ಕಾವಲಿನ ಹುಡುಗಿ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, ಟಾಯ್ಲೆಟ್ ಆ ಕಡೆ ಇದೆ ಎಂದು ತೋರಿಸಿದ್ದಳು. ಪಾವನಾ ಥ್ಯಾಂಕ್ಸ್ ಹೇಳಿ, ಬೇಕಿಲ್ಲದಿದ್ದರೂ, ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತು ಬಂದಿದ್ದಳು. ಯಾಕೆ ಹೋದೆ ಎಂದು ಇವತ್ತಿಗೂ ತಿಳಿದಿಲ್ಲ.

ಒಳಗೋಡೆಯ ಬಳಿ ನಿಲ್ಲಿಸಿ ಅವಳು ತನಗೆ ಅತಿ ಇಷ್ಟವಾದ ಭಾಗಕ್ಕೆ ಬಂದಳು. "ಈ ಕಲ್ಲುಗಳನ್ನು ಯಾಕೆ ಎತ್ತಿ ಮತ್ತೆ ಗೋಡೆ ಕಟ್ಟಿಲ್ಲ ಎಂದು ನೀವು ಕೇಳಬಹುದು. ಬಿದ್ದ ಕಲ್ಲು ಬಿದ್ದಲ್ಲೇ ಇರಬೇಕು. ಯಾವುದು ಯಾವುದರ ಮೇಲೆ ಬಿತ್ತು ಎನ್ನುವುದರಿಂದಲೇ ಗೋಡೆ ಹೇಗೆ ಬಿತ್ತೆಂದು ಗೊತ್ತಾಗುತ್ತದೆ. ಒಂದನ್ನು ಎತ್ತಿ ಪಕ್ಕಕ್ಕಿಟ್ಟರೂ ಅಷ್ಟು ಕತೆ ಹೋಯಿತು. ಅದಕ್ಕೆ ಕಾನೂನೂ ಇದೆ." ಗುನಿಲ್ಲಾ ಮೊದಲ ಬಾರಿಗೆ ನಕ್ಕದ್ದನ್ನು ಅವಳು ಕಂಡಳು. ಆ ನಗುವಿನಿಂದ ಪಾವನಾಳ ಮೈ ಹಗುರಾಯಿತು. ಆಯಿತು, ಸಿಕ್ಕಿತು, ಎಂದುಕೊಂಡಳು.

ಗುಂಪು ಪೂರ್ವದ ಬಾಗಿಲಿನ ಕಡೆ ತಿರುಗಿತು. ಅಲ್ಲಿ, ಒಂದು ಮನೆಯ ಅಡಿಪಾಯದ ಒಳಗೆ, ವೇದವತಿ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಮುಂದೆ ಒಂದು ಪುಟ್ಟ ಗೋಪುರ. ಓಲಂಡಿನ ಸುಣ್ಣಕಲ್ಲು ಚಪ್ಪಟೆ, ಒಂದರ ಮೇಲೊಂದು ಇಟ್ಟರೆ ಕೂರುತ್ತದೆ. ಕೆಳಗೆ ದೊಡ್ಡದು, ಮೇಲೆ ಮೇಲೆ ಚಿಕ್ಕದು, ತುದಿಗೆ ಅಂಗೈಯಗಲದ್ದು. ಪಕ್ಕದಲ್ಲಿ ಇನ್ನೊಂದು ಅರ್ಧವಾಗಿತ್ತು. ಪಾವನಾಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಗುಡ್ಡದ ದೇವರಿಗೆ ಹೋದಾಗ ಮೆಟ್ಟಿಲ ಬದಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಕಲ್ಲಿನ ಮೇಲೆ ಕಲ್ಲು ಪೇರಿಸಿ, ಸ್ವಂತ ಮನೆಯಾಗಲಿ ಎಂದು ಬೇಡಿಕೊಳ್ಳುವುದು. ಅಮ್ಮನೂ ಮಾಡಿದ್ದಳು, ಇವಳ ಕೈಯಲ್ಲೂ ಮಾಡಿಸಿದ್ದಳು; ತನ್ನ ಗೋಪುರ ಬೀಳದಿರಲಿ ಎಂದು ಉಸಿರು ಹಿಡಿದು ಕೂತಿದ್ದ ಹುಡುಗಿ ಅವಳೇ. ಬಾಡಿಗೆ ಮನೆಯಲ್ಲಿ, ಮುಗಿಯುತ್ತ ಬಂದ ಪರ್ಮಿಟ್ಟಿನಲ್ಲಿ ಇರುವ ಮಗ ಸೊಸೆಗಾಗಿ ಈಯಮ್ಮ ಈ ದೇಶದ ಕಲ್ಲನ್ನು ಕೇಳಿಕೊಳ್ಳುತ್ತಿದ್ದಾರೆ. ಕಲ್ಲು ಎಲ್ಲಿಂದ ತಂದರು ಎಂದು ನೋಡುವುದೂ ಬೇಡವಾಗಿತ್ತು. ಗೋಡೆಯ ಬುಡದ ಹುಲ್ಲಿನಲ್ಲಿ, ಕಲ್ಲು ಎತ್ತಿದಲ್ಲೆಲ್ಲ, ಬಿಸಿಲು ಕಾಣದ ಬಿಳಿಚಿದ ಗುರುತುಗಳು ಸಾಲಾಗಿದ್ದವು.

"ಮಾಡಬಾರದ್ದು ಇದೇ ನೋಡಿ," ಎಂದಳು ಗುನಿಲ್ಲಾ. ಧ್ವನಿ ಏರಲಿಲ್ಲ. ಆಮೇಲೆ ಪಾವನಾಳ ಹತ್ತಿರ ಬಂದು, ಗುಂಪಿಗೂ ಕೇಳುವಷ್ಟು ಸ್ಪಷ್ಟವಾಗಿ ಕೇಳಿದಳು: "ಅವರು ನಿನ್ನ ಕಡೆಯವರಾ?"

"ನೇಯ್," ಎಂದಳು ಪಾವನಾ.

ಇಲ್ಲ. ಇಷ್ಟು ಸರಾಗವಾಗಿ ಅವಳ ಬಾಯಿಂದ ಇವತ್ತು ಯಾವ ಸ್ವೀಡಿಷ್ ಮಾತೂ ಬಂದಿರಲಿಲ್ಲ. ಯಾಕೆ ಹಾಗೆಂದೆ? ಹೆದರಿದ್ದು ಹೌದು. ಆದರೆ ಅದಕ್ಕೂ ಮೊದಲು ಒಂದು ಸಿಟ್ಟು ಬಂದಿತ್ತು, ಅದೂ ಹೌದು. ಈ ಬಯಲಿನಲ್ಲಿ ಎರಡು ಕಂದು ಮುಖ ಕಂಡೊಡನೆ ಒಂದಕ್ಕೊಂದು ಗಂಟು ಹಾಕುವುದೇ? ಲೆನ್ನಾರ್ಟ್ ಕಲ್ಲೆತ್ತಿದ್ದರೆ ಉಳಿದವರನ್ನು ನಿಮ್ಮ ಕಡೆಯವನಾ ಎಂದು ಕೇಳುತ್ತಿದ್ದಳಾ? ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ನಿಜವಾಗಿಯೂ ಅವಳ ಕಡೆಯವರೇ ಆಗಿದ್ದರು. ನ್ಯಾಯವಾದ ಸಿಟ್ಟಿನಿಂದ ಸುಳ್ಳು ಹುಟ್ಟಬಹುದೇ ಎಂದು ಅವಳು ಯೋಚಿಸುವಷ್ಟರಲ್ಲಿ ಗುನಿಲ್ಲಾಳ ಮುಖ ಕಿವಿಯ ತನಕ ಕೆಂಪೇರಿತು.

"ಕ್ಷಮಿಸು. ಎಂಥ ದಡ್ಡ ಪ್ರಶ್ನೆ ಕೇಳಿದೆ. ನಾನು ಹಾಗೆ ಅಂದುಕೊಳ್ಳಬಾರದಿತ್ತು."

ಗುಂಪಿನಲ್ಲಿ ಒಬ್ಬಿಬ್ಬರು ನೆಲ ನೋಡಿದರು. ಈಗ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಇಲ್ಲ ಇಲ್ಲ, ನಿಮ್ಮ ಊಹೆ ಸರಿಯೇ ಎನ್ನುವುದೇ? ಹಾಗೆಂದರೆ ಗುನಿಲ್ಲಾ ಮುಂದೆ ಸಿಗುವ ಯಾವುದೋ ಹುಡುಗಿಯ ಬಗ್ಗೆಯೂ ಹೀಗೇ ಊಹಿಸುತ್ತಾಳೆ. ಪಾವನಾ ಅತ್ತೆಯ ಕಡೆ ನೋಡಿದಳು. ವೇದವತಿಗೆ ಸ್ವೀಡಿಷಿನಲ್ಲಿ ಬರುತ್ತಿದ್ದದ್ದು ಮೂರೇ ಮಾತು: ಹೇಯ್, ತಾಕ್, ನೇಯ್. ನಮಸ್ಕಾರ, ಥ್ಯಾಂಕ್ಸ್, ಇಲ್ಲ. ಮೂರನ್ನೂ ಕಲಿಸಿದವಳು ಪಾವನಾಳೇ, ಕೆಳಮನೆಯ ಮುದುಕಿ ಪದೇಪದೇ ಕಾಫಿ ಸುರಿಯುತ್ತಾಳೆಂದು. ಅವರು ತಲೆಯೆತ್ತಿ ಪಾವನಾಳನ್ನು ನೋಡಿದರು, ಗುನಿಲ್ಲಾಳನ್ನು ನೋಡಿದರು, ಮತ್ತೆ ಪಾವನಾಳನ್ನು. ಅವರಿಗೆ ತಿಳಿಯಿತು. ತಿಳಿಯಿತು ಎನ್ನುವುದು ಪಾವನಾಗೂ ತಿಳಿಯಿತು.

"ನೀನೇ ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತೀಯಾ?" ಎಂದಳು ಗುನಿಲ್ಲಾ. "ಇಂಥದ್ದನ್ನು ನಿಭಾಯಿಸುವುದೂ ಗೈಡಿನ ಕೆಲಸವೇ. ಮೆತ್ತಗೆ ಹೇಳು."

ಪಾವನಾ ಹತ್ತಿರ ಹೋದಳು. ಹುಲ್ಲು ಒದ್ದೆಯಾಗಿತ್ತು. ಗಾಳಿಗೆ ಅತ್ತೆಯ ಸೆರಗು ಜಾಕೆಟ್ಟಿನಿಂದ ಹೊರಬಂದು ಹಾರುತ್ತಿತ್ತು. ದಿನಾ ಮಾಡುವಂತೆ ಅದನ್ನು ಒಳಗೆ ಸಿಕ್ಕಿಸಲು ಕೈ ಮುಂದಾಯಿತು, ನಿಂತಿತು.

"ಎಕ್ಸ್‌ಕ್ಯೂಸ್ ಮಿ," ಎಂದಳು. "ಪ್ಲೀಸ್ ಡೋಂಟ್ ಟಚ್ ದ ಸ್ಟೋನ್ಸ್. ದಿಸ್ ಈಸ್ ಎ ಪ್ರೊಟೆಕ್ಟೆಡ್ ಪ್ಲೇಸ್."

ವೇದವತಿ ಎದ್ದು ನಿಂತರು. ಸೀರೆಗೆ ಕೈಯೊರೆಸಿಕೊಂಡರು.

"ಸಾರಿ, ಮೇಡಂ," ಎಂದರು.

ಅದರಲ್ಲಿ ಕುಟುಕು ಇತ್ತೋ ಇಲ್ಲವೋ, ಪಾವನಾಗೆ ಗೊತ್ತಾಗಲಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅವರು ಬಳಸುವ ದನಿ ಅದು, ಕೆಲಸ ಆಗಬೇಕಾದ ಕಡೆ ಬಳಸುವ ದನಿ. ಅವರು ಮತ್ತೆ ಕೂತು, ಮೇಲಿನ ಕಲ್ಲು ತೆಗೆದು, ಹುಲ್ಲಿನಲ್ಲಿದ್ದ ಬಿಳಿಯ ಗುರುತುಗಳಲ್ಲಿ ಯಾವುದಕ್ಕೆ ಸರಿಹೋಗುತ್ತದೆಂದು ಹುಡುಕಿ ಇಟ್ಟರು. ಎರಡನೆಯದಕ್ಕೆ ಜಾಗ ಸಿಗಲಿಲ್ಲ. ಅದನ್ನು ಹಿಡಿದುಕೊಂಡು ಅಲ್ಲಿ ಇಲ್ಲಿ ಇಟ್ಟು ನೋಡಿದರು, ಮಕ್ಕಳ ಅಂಗಿಗೆ ಬೇರೆ ಬೇರೆ ಗುಂಡಿ ಹಿಡಿದು ನೋಡುವ ಹಾಗೆ. ಗುಂಪು ಮುಂದೆ ಸರಿಯಿತು. ಗೈಡ್ ಆದವಳು ಗುಂಪಿನ ಮುಂದೆ ಇರಬೇಕು. ಪಾವನಾ ಮುಂದೆ ಹೋದಳು.

ಉಳಿದ ಅರ್ಧ ಕೋಟೆಯನ್ನು ಅವಳು ಹೇಗೆ ತೋರಿಸಿದಳೋ ಅವಳಿಗೇ ನೆನಪಿಲ್ಲ. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು: ಇಲ್ಲಿಯ ಹುಡುಗರು ದೂರದ ಚಕ್ರವರ್ತಿಯ ಸೈನ್ಯದಲ್ಲಿ ದುಡಿದು ಚಿನ್ನ ತಂದಿದ್ದಿರಬಹುದು, ಊರಿಗೆ ಬಂದ ಮೇಲೆ ಅಮ್ಮನ ಭಾಷೆಯಲ್ಲಿ ಮಾತಾಡಲು ತಡವರಿಸಿದ್ದಿರಬಹುದು. ಕೊನೆಯದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹೇಳಿದ ಮೇಲೆ ಗುನಿಲ್ಲಾಳ ಕಡೆ ಕದ್ದು ನೋಡಿದಳು, ಅವಳು ತಲೆಯಾಡಿಸುತ್ತಿದ್ದಳು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ತಾನು ಇವತ್ತು ಚೆನ್ನಾಗಿ ಮಾಡುತ್ತಿದ್ದೇನೆ ಎಂಬುದು ಗೊತ್ತಾಗಿ ಪಾವನಾಗೆ ಇನ್ನೂ ನಾಚಿಕೆಯಾಯಿತು.

ಗುಡಿಸಲಿನ ಮುಂದಿನ ಮರದ ಮೇಜುಗಳಲ್ಲಿ ಫೀಕಾ, ಇಲ್ಲಿಯವರ ಕಾಫಿ-ತಿಂಡಿ. ಥರ್ಮಾಸುಗಳು, ದಾಲ್ಚಿನ್ನಿ ಬನ್ನುಗಳು. ಗುನಿಲ್ಲಾ ಒಳಗಿನಿಂದ ಒಂದು ಹಸಿರು ಜಾಕೆಟ್ ತಂದಳು, ಎದೆಯ ಮೇಲೆ ಸಂಘದ ಗುರುತು. "ನಿನಗೆ ಸ್ವಲ್ಪ ದೊಡ್ಡದಾಗಬಹುದು," ಎಂದು ತಾನೇ ತೊಡಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾವನಾ ನಕ್ಕಳು. ಇಷ್ಟು ದಿನ ಬಯಸಿದ್ದು ಮೈಮೇಲಿತ್ತು, ಬೆಚ್ಚಗೂ ಇತ್ತು. ದೂರದಲ್ಲಿ, ಬೇಲಿಯ ಪಕ್ಕದ ಬೆಂಚಿನಲ್ಲಿ, ಬೆನ್ನು ಈ ಕಡೆ ಮಾಡಿ ವೇದವತಿ ಕೂತಿದ್ದರು. ಕ್ಯಾರಿಯರ್ ಪಕ್ಕದಲ್ಲಿತ್ತು, ತೆರೆದಿರಲಿಲ್ಲ. ಊಟಕ್ಕೆ ಅವಳನ್ನು ಕಾಯುತ್ತಿದ್ದರು. ಪಾವನಾ ಕಚ್ಚಿದ್ದ ಬನ್ನನ್ನು ಕೆಳಗಿಟ್ಟಳು.

ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಇನ್ನರ್ಧ ಗಂಟೆಗೆ ಇವರೆಲ್ಲ ಕಾರು ಹತ್ತಿ ಹೋಗುತ್ತಾರೆ, ಬಸ್ಸಿನಲ್ಲಿ ಅತ್ತೆಯ ಕೈ ಹಿಡಿದುಕೊಂಡು ಹೇಳಬಹುದಿತ್ತು. ಆದರೆ ಲೆನ್ನಾರ್ಟ್ ಒಳ್ಳೆಯ ಮನುಷ್ಯ. ಒಳ್ಳೆಯವರು ಸುಮ್ಮನಿರುವುದಿಲ್ಲ. ಅವನು ಒಂದು ಕಪ್ ಕಾಫಿ ಹಿಡಿದುಕೊಂಡು ಬೆಂಚಿನ ತನಕ ಹೋದ, ಬಗ್ಗಿ ಏನೋ ಹೇಳಿದ, ಕೈ ಮಾಡಿ ಮೇಜು ತೋರಿಸಿದ. ವೇದವತಿ ಬೇಡವೆಂದು ತಲೆಯಾಡಿಸಿದರು. ಅವನು ಬಿಡಲಿಲ್ಲ. ಬೈಸಿಕೊಂಡ ಪ್ರವಾಸಿಯೊಬ್ಬಳನ್ನು ಒಂಟಿಯಾಗಿ ಕೂರಿಸುವುದು ಅವನ ದೇಶದ ಮರ್ಯಾದೆಗೆ ಕಡಿಮೆ ಎನಿಸಿರಬೇಕು. ಕೊನೆಗೆ ಅವರು ಚೀಲ ಎತ್ತಿಕೊಂಡು ಅವನ ಹಿಂದೆ ಬಂದು, ಪಾವನಾಳ ಎದುರಿನ ಹಲಗೆಯ ಮೇಲೆ ಕೂತರು.

"ಸ್ವಾಗತ," ಎಂದಳು ಗುನಿಲ್ಲಾ ಇಂಗ್ಲಿಷಿನಲ್ಲಿ, ಮೊದಲಿಗಿಂತ ಮೃದುವಾಗಿ. "ಇವಳು ಪಾವನಾ. ನಮ್ಮ ಹೊಸ ಗೈಡ್."

ವೇದವತಿ ಕಪ್ಪನ್ನು ಕೆಳಗಿಟ್ಟು ತಮ್ಮ ಸೊಸೆಗೆ ಎರಡೂ ಕೈ ಜೋಡಿಸಿದರು. ಪಾವನಾ ಏನು ಮಾಡಬೇಕು? ಹಿರಿಯರು ಕೈಮುಗಿದಾಗ ತಾನೂ ಮುಗಿಯಬೇಕು ಎನ್ನುವುದೊಂದೇ ಹೊಳೆಯಿತು. ಮುಗಿದಳು. ಮದುವೆಯ ಮರುದಿನ ಅಕ್ಕಿಆಲೂರಿನ ಹೊಸ್ತಿಲಲ್ಲಿ ಕಾಲಿಗೆ ಬೀಳಲು ಬಗ್ಗಿದವಳನ್ನು, ಸಾಕೇಳವಾ, ಸೊಂಟ ನೋಯತೈತಿ ಎಂದು ಎತ್ತಿದ ಕೈಗಳು ಅವು.

"ಒಬ್ಬರೇ ಬಂದಿರಾ, ಇಷ್ಟು ದೂರ?" ಲೆನ್ನಾರ್ಟ್ ಕೇಳಿದ, ನಿಧಾನದ ಇಂಗ್ಲಿಷಿನಲ್ಲಿ.

"ಬಸ್. ಐ ಕಮ್ ಬಸ್," ಎಂದರು ವೇದವತಿ. ಸುಳ್ಳಾಗದ ಹಾಗೆ ಎಷ್ಟು ಜಾಗರೂಕತೆಯಿಂದ ಉತ್ತರಿಸುತ್ತಿದ್ದಾರೆ ಎನ್ನುವುದನ್ನು ಪಾವನಾ ಗಮನಿಸಿದಳು.

"ಅಲ್ಲಿ ಏನು ಕಟ್ಟುತ್ತಿದ್ದಿರಿ? ಬೈಯುತ್ತಿಲ್ಲ, ಸುಮ್ಮನೆ ಕುತೂಹಲ."

ವೇದವತಿ ಪದ ಹುಡುಕಿದರು. ಕೈಯಲ್ಲಿ ಒಂದರ ಮೇಲೊಂದು ಇಡುವಂತೆ ತೋರಿಸಿದರು. "ಹೌಸ್. ಪ್ರೇಯರ್. ಸನ್ ಹೌಸ್." ಆಮೇಲೆ ತಲೆ ತಗ್ಗಿಸಿ, ಕಾಫಿ ಕಪ್ಪಿಗೆ ಹೇಳುವಂತೆ: "ಸನ್ ವೈಫ್ ಆಲ್ಸೋ. ಗುಡ್ ಗರ್ಲ್."

ಅಷ್ಟು ಸಾಕಾಯಿತು. ಪಾವನಾ ಎದ್ದು ನಿಂತಳು. ನಿಲ್ಲುವಾಗ ಮೇಜು ಅಲುಗಿ ಯಾರದೋ ಕಾಫಿ ಚೆಲ್ಲಿತು. ಎದ್ದು ನಿಲ್ಲುವ ಅಗತ್ಯವೇನಿತ್ತು ಎಂದೂ ಅವಳಿಗೆ ಗೊತ್ತಿಲ್ಲ, ಸ್ಕೂಲಿನಲ್ಲಿ ತಪ್ಪು ಒಪ್ಪಿಕೊಳ್ಳಬೇಕಾದಾಗ ನಿಲ್ಲಬೇಕಿತ್ತು, ಅದಕ್ಕಿರಬೇಕು. "ಇವರು ನನ್ನ ಅತ್ತೆ," ಎಂದಳು ಸ್ವೀಡಿಷಿನಲ್ಲಿ. "ನನ್ನ ಗಂಡನ ತಾಯಿ. ನನ್ನ ಜೊತೆಗೇ ಬಂದಿದ್ದಾರೆ. ನಾನು ಆಗ ಸುಳ್ಳು ಹೇಳಿದೆ."

ಗುನಿಲ್ಲಾ ಪಾವನಾಳ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ವೇದವತಿಯ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಕೇಳಿದಳು:

"ಇವಳು ನಿಮ್ಮ ಮನೆಯವಳಾ? ನಿಮ್ಮ ಮಗನ ಹೆಂಡತಿಯಾ?"

ಪಾವನಾ ಅತ್ತೆಯನ್ನೇ ನೋಡಿದಳು. ಹೇಳಿ ಅತ್ತೆ, ಹೌದೆನ್ನಿ, ಎಲ್ಲರ ಮುಂದೆ ಬೈದರೂ ಸರಿ. ವೇದವತಿಯ ಕಣ್ಣು ಅವಳ ಮುಖದ ಮೇಲಿಂದ ಹಸಿರು ಜಾಕೆಟ್ಟಿಗೆ, ಅದರ ಎದೆಯ ಗುರುತಿಗೆ ಇಳಿದು ನಿಂತಿತು.

"ನೋ ನೋ," ಎಂದರು, ನಗುತ್ತಾ, ಎರಡೂ ಕೈ ಅಲ್ಲಾಡಿಸುತ್ತಾ. "ನಾಟ್ ಮೈ ಫ್ಯಾಮಿಲಿ. ಮೇಡಂ ಗುಡ್ ಟೀಚರ್."

ಉಸಿರು ಬಿಗಿಹಿಡಿದಿದ್ದವರೆಲ್ಲ ಒಟ್ಟಿಗೆ ನಕ್ಕರು. ಲೆನ್ನಾರ್ಟ್ ಪಾವನಾಳ ಬೆನ್ನು ತಟ್ಟಿದ. ಗುನಿಲ್ಲಾಳ ಕಣ್ಣು ಒದ್ದೆಯಾಗಿತ್ತು, ಅವಳು ಪಾವನಾಳನ್ನು ಪಕ್ಕಕ್ಕೆ ಕರೆದು ಪಿಸುದನಿಯಲ್ಲಿ ಹೇಳಿದಳು: "ನನಗೆ ಅರ್ಥವಾಯಿತು. ಅವರಿಗೆ ಅವಮಾನವಾಗಬಾರದೆಂದು ನೀನು ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡೆ. ಇಷ್ಟು ದೊಡ್ಡ ಮನಸ್ಸು ನಮ್ಮಲ್ಲಿ ಯಾರಿಗೂ ಇಲ್ಲ. ಚಿಂತೆ ಮಾಡಬೇಡ, ಆ ಕಲ್ಲುಗಳ ವಿಷಯ ನಾನು ಎಲ್ಲಿಗೂ ದೂರು ಕೊಡುವುದಿಲ್ಲ." ಇಲ್ಲ, ನಿಜ ಹೇಳಿದ್ದು ನಾನು, ಎಂದು ಪಾವನಾ ಮತ್ತೆ ಶುರು ಮಾಡಿದಳು. ಗುನಿಲ್ಲಾ ಅವಳ ಭುಜ ಹಿಂಡಿ, ಸಾಕು ಸಾಕು ಎಂದಳು. ತಾನು ಹೇಳಿದ್ದರಲ್ಲಿ ಯಾವುದು ನಿಜ ಎಂದು ತನಗೇ ಒಂದು ಕ್ಷಣ ಗೊಂದಲವಾದದ್ದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಬಸ್‌ಸ್ಟಾಪಿನಲ್ಲಿ ವೇದವತಿ ಅವಳಿಂದ ದೂರವೇ ನಿಂತರು. ಕಾರುಗಳು ಒಂದೊಂದಾಗಿ ಕೈಬೀಸುತ್ತ ಹೊರಟವು. ಬಸ್ಸಿನಲ್ಲೂ ಅವರು ಮುಂದಿನ ಸೀಟಿನಲ್ಲಿ ಕೂತರು, ಪಾವನಾ ಹಿಂದೆ. ಗುನಿಲ್ಲಾಳ ಕಾರು ಬಸ್ಸನ್ನು ದಾಟಿ ತಿರುವಿನಲ್ಲಿ ಮರೆಯಾದ ಮೇಲೆ ಪಾವನಾ ಎದ್ದುಬಂದು ಅತ್ತೆಯ ಪಕ್ಕ ಕೂತಳು. ಅಳು ಬರುತ್ತಿತ್ತು, ಅಳಲಿಲ್ಲ.

"ಯಾಕೆ ಅತ್ತೆ ಹಾಗಂದ್ರಿ? ನಾನು ಎಲ್ಲ ಹೇಳ್ಬಿಟ್ಟಿದ್ದೆ ಅವ್ರಿಗೆ. ನೀವು ಹೌದು ಅಂದಿದ್ರೆ ಆಗ್ತಿತ್ತು."

ವೇದವತಿ ಕ್ಯಾರಿಯರ್‌ನ ಮುಚ್ಚಳ ಬಿಚ್ಚಿ, ಒಂದು ಚಪಾತಿಯಲ್ಲಿ ಎಣಗಾಯಿ ಸುತ್ತಿ ಅವಳ ಕೈಗೆ ಕೊಟ್ಟರು. ತಾವು ತೆಗೆದುಕೊಳ್ಳಲಿಲ್ಲ. ಮುಚ್ಚಳ ಮತ್ತೆ ಬಿಗಿಮಾಡಿದರು.

"ಉಣ್ಣು, ಹಸಿದಿ," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡು, ಸಿಟ್ಟೂ ಇಲ್ಲದ, ಪ್ರೀತಿಯೂ ಇಲ್ಲದ, ಸಾದಾ ದನಿಯಲ್ಲಿ ಹೇಳಿದರು: "ನೀ ಒಮ್ಮೆ ಇಲ್ಲಂದ ಮ್ಯಾಲ, ಅಷ್ಟ ಮಂದಿ ಮುಂದ ನಿನ್ನ ಮಾತು ನಾ ಸುಳ್ಳು ಮಾಡಾಕ ಬರ್ತೈತೇನವಾ?"